ಬೆಕ್ಕು ಒಳಗೆ ಬಂದ ದಿನ

ಗುಂಪಿನ ಹೆಸರು ‘ಎಡಗಾಲಿನ ಚಪ್ಪಲಿ’. ಮೂರು ವರ್ಷದ ಹಿಂದೆ ಅಂಗಿ ಕಾರ್ಖಾನೆಯ ಮಕ್ಕಳ ಕೋಣೆಯಲ್ಲಿ ಯಾರದೋ ಮಗುವಿನ ಒಂದೇ ಒಂದು ಚಪ್ಪಲಿ ಉಳಿದುಹೋಗಿತ್ತು. ಅದರ ಫೋಟೊ ತೆಗೆದು, ತನ್ನ ಫೋನಿನಲ್ಲಿ ನಂಬರ್ ಇದ್ದ ಹದಿನಾಲ್ಕು ತಾಯಂದಿರನ್ನು ಒಂದು ಗುಂಪಿಗೆ ಸೇರಿಸಿ, ‘ಇದು ಯಾರ ಮನೆ ಯುವರಾಜರದ್ದು? ಬಂದು ದರ್ಶನ ಕೊಡಿ’ ಎಂದು ಬರೆದವಳು ಕಾಲರ್ ಅಕ್ಕ. ಯುವರಾಜ ಯಾರೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ಹದಿನಾಲ್ಕು ಜನ ಮಾತ್ರ ನಲವತ್ತಾಗಿ ಕೂತಿದ್ದಾರೆ.

ಆ ಗುಂಪಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಅಂಗಿಯಲ್ಲಿ ಯಾರ ಕೈಗೆ ಯಾವ ಭಾಗವೋ ಅದೇ ಹೆಸರು. ಕಾಲರ್ ಹೊಲಿಯುವವಳು ಕಾಲರ್ ಅಕ್ಕ. ಗುಂಡಿಯ ತೂತಿಗೆ ಕಾಜಾ ಹೊಡೆಯುವವಳು ಕಾಜಾ. ಎರಡನೇ ಹೆರಿಗೆಯಾಗಿ ರಜೆಯಲ್ಲಿ ಮನೆಯಲ್ಲಿರುವವಳು ಬಾಣಂತಿ. ತೋಳಿನ ತುದಿಗೆ ಪಟ್ಟಿ ಕೂರಿಸುವವಳೊಬ್ಬಳಿದ್ದಾಳೆ. ಮೂರು ವರ್ಷದಲ್ಲಿ ಗುಂಪಿಗೆ ಒಂದಕ್ಷರ ಬರೆದವಳಲ್ಲ. ಯಾರಾದರೂ ಹೊಟ್ಟೆ ಹುಣ್ಣಾಗುವಂತೆ ನಗಿಸಲಿ, ಯಾರಾದರೂ ಗೋಳಾಡಲಿ, ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾಳೆ. ಅವಳಿಗೆ ಹೆಬ್ಬೆಟ್ಟು ಎಂದೇ ಹೆಸರು ನಿಂತಿದೆ.

ಗುಂಪಿಗೆ ಒಂದು ಕಟ್ಟುಪಾಡಿದೆ. ಬೆಳಿಗ್ಗೆ ಬಸ್ಸು ಹತ್ತಿ ಕಾರ್ಖಾನೆ ಗೇಟು ಮುಟ್ಟುವುದರೊಳಗೆ ಎಲ್ಲರೂ ಹಾಜರಿ ಹಾಕಬೇಕು. ಹಾಜರಿ ಎಂದರೆ ಆ ಬೆಳಗಿನ ಮನೆಯ ಅನಾಹುತ, ಚುಟುಕಾಗಿ.

‘ನಮ್ಮವನು ಟೂತ್‌ಪೇಸ್ಟಿನಲ್ಲಿ ಕನ್ನಡಿಗೆ ಸುಣ್ಣ ಹೊಡೆದಿದ್ದಾನೆ. ಎರಡು ಕೋಟು.’

‘ನಮ್ಮವಳು ಅತ್ತೆಯ ಹಲ್ಲುಸೆಟ್ಟಿಗೆ ಹೊಸ ಮನೆ ನೋಡಿದ್ದಾಳೆ. ಯಾವ ಮನೆ ಅಂತ ಹೇಳ್ತಿಲ್ಲ. ನಾನು ಬಸ್ ಹತ್ತಿಬಿಟ್ಟೆ.’

‘ಮಗೂದು ಚಡ್ಡಿ ಹುಡುಕ್ರೀ ಅಂತ ಗಂಡಂಗೆ ಹೇಳಿ ಬಂದಿದೀನಿ. ಇನ್ನೂ ಹುಡುಕ್ತಿದಾರೆ. ಚಡ್ಡಿ ಮಗು ಮೈಮೇಲೇ ಇದೆ.’

ಎಲ್ಲಕ್ಕಿಂತ ದೊಡ್ಡ ಅನಾಹುತದವಳಿಗೆ ‘ಇವತ್ತಿನ ಮಹಾರಾಣಿ’ ಎಂಬ ಬಿರುದು. ಮಹಾರಾಣಿ ಆ ದಿನ ಊಟದ ಡಬ್ಬಿ ತೊಳೆಯುವ ಹಾಗಿಲ್ಲ. ಉಳಿದವರು ತೊಳೆದುಕೊಡುತ್ತಾರೆ.

ಇವತ್ತೂ ಹಾಜರಿ ಬಿತ್ತು. ಹಲ್ಲುಸೆಟ್ಟಿನವಳೇ ಮಹಾರಾಣಿ ಎಂದೂ ತೀರ್ಮಾನವಾಯಿತು. ಆದರೆ ಬರೆಯುವ ಬೆರಳುಗಳು ತಣ್ಣಗಿದ್ದವು. ಇವತ್ತು ಮೂರು ಗಂಟೆಗೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬರುತ್ತಾರೆ.

ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಎರಡಿವೆ. ಮುಂದಿನದಕ್ಕೆ ಗಾಜಿನ ಕಿಟಕಿ, ಗೋಡೆಯ ಮೇಲೆ ಬಾತುಕೋಳಿಗಳ ಸಾಲು, ಮರದ ಕುದುರೆ. ಅದಕ್ಕೆ ವರ್ಷವಿಡೀ ಬೀಗ. ಹಿಂದಿನದು ಹಬೆ ಇಸ್ತ್ರಿಯ ಆಚೆಗಿದೆ. ಕಿಟಕಿ ಇಲ್ಲ. ಸೂರಿನವರೆಗೆ ಖಾಲಿ ರಟ್ಟಿನ ಡಬ್ಬ, ನಡುವೆ ಗೋಡೆಯಿಂದ ಗೋಡೆಗೆ ಹಾದುಹೋದ ಹಬೆಯ ಕೊಳವೆ. ಮಕ್ಕಳು ಇರುವುದು ಅಲ್ಲಿ. ಕಾಲರ್ ಅಕ್ಕನ ಮೂರು ವರ್ಷದ ಮಗಳ ಮೊಣಕೈಯಲ್ಲಿ ಆ ಕೊಳವೆಯ ಗುರುತಿದೆ, ಕೋಟಿನ ಗುಂಡಿಯಷ್ಟು ಅಗಲ. ‘ಮನೆಯಲ್ಲಿ ಸುಟ್ಟಿದ್ದು’ ಎಂದು ಆಫೀಸಿನವರು ಬರೆದ ಕಾಗದಕ್ಕೆ ಅವಳಿಂದಲೇ ಸಹಿ ಹಾಕಿಸಿಕೊಂಡರು. ಆ ಸಹಿಯನ್ನು ನೆನೆದರೆ ಈಗಲೂ ಅವಳ ಬಲಗೈ ಮುಷ್ಟಿ ಕಟ್ಟುತ್ತದೆ.

ಇನ್ಸ್‌ಪೆಕ್ಟರ್ ಬರುವ ದಿನ ಮಾತ್ರ ಬಾತುಕೋಳಿ ಕೋಣೆಯ ಬೀಗ ತೆಗೆಯುತ್ತಾರೆ. ಆಫೀಸಿನವರ ಮಕ್ಕಳು ಎಂಟು ಜನ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದು ಕುದುರೆ ಮೇಲೆ ಕೂರುತ್ತಾರೆ. ಹೊಲಿಯುವವರ ಮಕ್ಕಳಿಗೆ ಅವತ್ತು ‘ಮನೇಲೇ ಬಿಟ್ಟು ಬನ್ನಿ’ ಎಂಬ ಅಪ್ಪಣೆ.

ಈ ಸಲ ಅಪ್ಪಣೆ ಮೀರಬೇಕೆಂದು ಗುಂಪು ನಿರ್ಧರಿಸಿತ್ತು. ಹಗಲು ಪಾಳಿಯ ಇಪ್ಪತ್ತೊಂಬತ್ತು ತಾಯಂದಿರೂ ಮಕ್ಕಳನ್ನು ಕರೆತರುವುದು. ಇನ್ಸ್‌ಪೆಕ್ಟರ್ ಹೊಲಿಗೆ ಸಾಲಿಗೆ ಬಂದಾಗ ಐದು ಜನ ಮಷೀನು ನಿಲ್ಲಿಸಿ ಎದ್ದು, ಹಿಂದಿನ ಕೋಣೆ ನೋಡಿ ಎನ್ನುವುದು. ಯಾರು ಆ ಐದು ಜನ? ಗುಂಪಿನ ಎಲ್ಲ ತೀರ್ಮಾನಗಳೂ ಆಗುವುದು ಬಾಣಂತಿಯ ಮನೆಯ ಬಿಸ್ಕತ್ತಿನ ಡಬ್ಬದಲ್ಲಿ. ಅವಳ ದೊಡ್ಡ ಮಗಳು ಕಣ್ಣು ಮುಚ್ಚಿ ಚೀಟಿ ಎತ್ತುತ್ತಾಳೆ, ಬಾಣಂತಿ ಫೋಟೊ ಹಾಕುತ್ತಾಳೆ. ಬಂದ ಚೀಟಿಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಮೊದಲೇ ಗೊತ್ತಾದರೆ ಭಯಕ್ಕೆ ಬೆಳೆಯಲು ಹೊತ್ತು ಸಿಗುತ್ತದೆಂದು, ಚೀಟಿ ಎತ್ತುವುದು ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಎಂದಾಗಿತ್ತು. ಚೀಟಿಯಲ್ಲಿ ಹೆಸರಿಲ್ಲ, ಬರೀ ಮಷೀನ್ ನಂಬರ್.

ಬಸ್ಸಿನಲ್ಲಿ ಕಾಲರ್ ಅಕ್ಕ ಮಗಳ ಕೈಗೆ ಫೋನ್ ಕೊಟ್ಟು ಎರಡೂ ಕೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಮಗಳಿಗೆ ಗುಂಪಿನವರು ಇಟ್ಟ ಹೆಸರು ಇರುವೆ. ಸಂದಿ ಇದ್ದಲ್ಲೆಲ್ಲ ನುಗ್ಗುತ್ತಾಳೆ. ಅವಳು ಫೋನನ್ನು ಹೊಟ್ಟೆಗೆ ಒತ್ತಿಕೊಂಡು ಒತ್ತಿದಳು, ಎಳೆದಳು, ಮತ್ತೆ ಒತ್ತಿದಳು.

“ಅಮ್ಮಾ, ನಾನು ಬೆಕ್ಕನ್ನ ಒಳಗೆ ಬಿಟ್ಟೆ.”

“ಆಯ್ತು ಬಂಗಾರ. ಹಾಲು ಕುಡ್ಸು ಅದಕ್ಕೆ,” ಎಂದಳು ತಾಯಿ, ಪಿನ್ನು ಕಚ್ಚಿಕೊಂಡ ಬಾಯಲ್ಲೇ.

ಗೇಟಿನಲ್ಲಿ ಫೋನ್ ಒಪ್ಪಿಸಿ ಬಿಲ್ಲೆ ತೆಗೆದುಕೊಳ್ಳುವ ಸಾಲು. ಕೆಲಸದ ಹೊತ್ತಿನಲ್ಲಿ ಹೊಲಿಯುವವರ ಬಳಿ ಫೋನ್ ಇರಕೂಡದು. ಹನ್ನೆರಡೂವರೆಗೆ ಊಟದ ಅರ್ಧ ಗಂಟೆ ಮಾತ್ರ ಕೈಗೆ ಸಿಗುತ್ತದೆ. ಕಾಲರ್ ಅಕ್ಕ ಮಗಳ ಕೈಯಿಂದ ಫೋನ್ ಕಿತ್ತುಕೊಂಡು ಗೇಟಿನ ಮಾವನ ಕೈಗಿಡುವಾಗ ಪರದೆಯ ಮೇಲೆ ಕಣ್ಣು ಬಿತ್ತು.

‘ನೀವು ಸೂಪರ್‌ವೈಸರ್ ಮೇಡಂ ಅವರನ್ನು ಸೇರಿಸಿದ್ದೀರಿ.’

ಪಕ್ಕದಲ್ಲಿ ಸಣ್ಣ ಗುಂಡಗಿನ ಚಿತ್ರ. ಕೆಂಪು ಬುಟ್ಟಿಯಲ್ಲಿ ಕೂತ ಬೆಕ್ಕಿನ ಮರಿ. ರಜೆ ಕೇಳಲು ಮಾತ್ರ ಇಟ್ಟುಕೊಂಡಿದ್ದ ನಂಬರದು.

“ಮಾವ, ಮಾವ, ಕೊಡಿ ಇಲ್ಲಿ! ಒಂದೇ ನಿಮಿಷ!”

“ಸೈರನ್ ಆಯ್ತಲ್ಲ ತಾಯಿ.” ಮಾವ ಆಗಲೇ ಫೋನಿಗೆ ದಾರ ಕಟ್ಟಿ ಕಬ್ಬಿಣದ ಬೀರುವಿನಲ್ಲಿ ಇಟ್ಟಾಗಿತ್ತು. “ಕೀಲಿ ಆಫೀಸಿಗೆ ಹೋಗ್ಬೇಕು. ಇವತ್ತು ಮೇಲಿಂದ ಕೆಳಗಿನವರೆಗೆ ಎಲ್ಲರ ತಲೇನೂ ಬಿಸಿ. ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

ಬೀರು ಮುಚ್ಚಿತು.

ಅವಳು ಇರುವೆಯನ್ನು ಎತ್ತಿಕೊಂಡು ಹಿಂದಿನ ಕೋಣೆಯತ್ತ ನಡೆದಳು. ಹೊಸಬರಿಗೆ ಹಳೆಯ ಮಾತು ಕಾಣುವುದಿಲ್ಲ, ಅಷ್ಟರ ಮಟ್ಟಿಗೆ ಬಚಾವು. ಇನ್ನು ಮುಂದೆ ಬೀಳುವುದೆಲ್ಲ ಕಾಣುತ್ತದೆ. ಬಾಣಂತಿಗೆ ಅದು ಹೊಸದಾಗಿ ಸೇರಿದ ಇನ್ನೊಬ್ಬ ತಾಯಿಯ ನಂಬರಿನಂತೆ ಕಂಡೀತು, ಹನ್ನೆರಡಕ್ಕೆ ಐದು ನಂಬರ್ ಹಾಕಿಯೇ ಹಾಕುತ್ತಾಳೆ. ಅವು ಮೊದಲು ಸೂಪರ್‌ವೈಸರಿನ ಕಣ್ಣಿಗೆ ಬೀಳುತ್ತವೆ. ಆಮೇಲೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹೋದ ವರ್ಷ ಬಾಯಿ ಬಿಟ್ಟ ಇಬ್ಬರನ್ನು ಅಟ್ಟದ ಮೇಲಿನ ಗೋಡೌನಿಗೆ ಕರೆದು, ‘ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಟೈಪಾದ ಕಾಗದಕ್ಕೆ ಸಹಿ ಹಾಕಿಸಿ ಹಿಂದಿನ ಬಾಗಿಲಿನಿಂದ ಕಳಿಸಿದ್ದರು. ಸ್ವಂತ ಇಚ್ಛೆಯಂತೆ!

“ಮಕ್ಕಳನ್ನ ತರಬೇಡಿ ಅಂದಿರ್ಲಿಲ್ವಾ?” ಸೂಪರ್‌ವೈಸರ್ ಸಾಲಿನ ತುದಿಯಲ್ಲೇ ನಿಂತಿದ್ದಳು. ಕುತ್ತಿಗೆಯಲ್ಲಿ ಜೋತಾಡುವ ಸ್ಟಾಪ್‌ವಾಚು, ಏಪ್ರನ್ ಜೇಬಿನಲ್ಲಿ ಫೋನು ಮತ್ತು ಕೀಲಿಗೊಂಚಲು. ಅವಳಿಗೆ ಗುಂಪಿನಲ್ಲಿ ಗಡಿಯಾರ ಎಂದು ಹೆಸರು.

“ನೋಡ್ಕೊಳ್ಳೋರು ಯಾರೂ ಇಲ್ಲ ಮೇಡಂ.”

“ಇಪ್ಪತ್ತೊಂಬತ್ತು ಮನೇಲೂ ಒಂದೇ ದಿನ ಯಾರೂ ಇಲ್ವಾ?”

ಕಾಲರ್ ಅಕ್ಕ ಮಾಸ್ಕ್ ಎಳೆದುಕೊಂಡು, ನೀಲಿ ಟೋಪಿ ಹಾಕಿಕೊಂಡು, ಹನ್ನೆರಡನೇ ಮಷೀನಿಗೆ ಕೂತಳು.

ನೂಲಿನ ಧೂಳಿಗೆಂದು ಎಲ್ಲರಿಗೂ ಮಾಸ್ಕ್, ಕೂದಲು ಸಿಕ್ಕದಿರಲೆಂದು ಎಲ್ಲರಿಗೂ ಟೋಪಿ. ಕಾಣುವುದು ಕಣ್ಣು ಮಾತ್ರ. ಆ ಕಣ್ಣನ್ನೂ ನೋಡುವ ಅಭ್ಯಾಸ ಗಡಿಯಾರಕ್ಕೆ ಇರಲಿಲ್ಲ. ‘ಏಯ್ ಹನ್ನೆರಡು, ಬೇಗ.’ ‘ಇಪ್ಪತ್ತಮೂರು, ಹೊಲಿಗೆ ಸೊಟ್ಟ.’ ಎಂಟು ವರ್ಷದಿಂದ ಅವಳ ಬಾಯಲ್ಲಿ ಇವರು ಅಂಕಿಗಳು.

ಟಿಂಗ್.

ಗಡಿಯಾರದ ಜೇಬು. ಎರಡನೇ ಪಾಳಿಯ ತಾಯಂದಿರು ಈಗ ಎದ್ದು ಹರಟುವ ಹೊತ್ತು, ಇವತ್ತಿನ ಹರಟೆಯೆಲ್ಲ ಇನ್ಸ್‌ಪೆಕ್ಟರ್ ಎದುರು ಏಳುವ ಐದು ಜನ ಯಾರೆಂಬುದೇ. ಮತ್ತೆ ಟಿಂಗ್. ಪ್ರತಿ ಸಲವೂ ಕಾಲರ್ ಅಕ್ಕನ ಬೆನ್ನಿನ ಒಂದೇ ಜಾಗಕ್ಕೆ ಸೂಜಿ ಚುಚ್ಚಿದಂತಾಗುತ್ತಿತ್ತು. ಗಡಿಯಾರ ಫೋನ್ ತೆಗೆದಳು. ನೋಡಿದಳು. ಹುಬ್ಬು ಗಂಟಿಕ್ಕಿತು. ಮೇಲಕ್ಕೂ ಕೆಳಕ್ಕೂ ಬೆರಳಾಡಿಸಿದಳು. ಆಮೇಲೆ ಫೋನನ್ನು ಜೇಬಿಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದುಕೊಂಡಳು.

ಹತ್ತಕ್ಕೆ ಕಾಲರ್ ಅಕ್ಕ ಶೌಚಾಲಯದ ಟೋಕನ್ ಎತ್ತಿಕೊಂಡು ಎದ್ದಳು. ಹೋಗುವಾಗ ಕಾಜಾಳ ಕುರ್ಚಿಗೆ ಮೊಣಕಾಲು ತಾಗಿಸಿದಳು. ಎರಡು ನಿಮಿಷ ಬಿಟ್ಟು ಕಾಜಾ ಬಂದಳು.

“ಏನೇ? ಮುಖ ಒಗೆದು ಹಿಂಡಿದ ಬಟ್ಟೆ ಥರ ಆಗಿದೆ?”

ಕಾಲರ್ ಅಕ್ಕ ಹೇಳಿದಳು. ಕಾಜಾ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ನಗು ಮುಗಿಯುವ ಮೊದಲೇ ಗೋಡೆಗೆ ಒರಗಿದಳು.

“ನಿನ್ನ ಮಗಳ ಬೆರಳಿಗೆ ಬೆಂಕಿ ಬೀಳ. ಅಲ್ಲ, ಬೇಡ, ಬಿದ್ದಿದೆಯಲ್ಲ ಪಾಪ. ಬಾಣಂತಿ ನಂಬರ್ ಗೊತ್ತಾ ನಿಂಗೆ?”

“ನಂಗೆ ಗೊತ್ತಿರೋದು ನನ್ನ ನಂಬರ್, ನಮ್ಮತ್ತೆ ನಂಬರ್. ಎರಡೇ.”

“ನಂಗೆ ನನ್ನದೂ ಗೊತ್ತಿಲ್ಲ.” ಕಾಜಾ ಉಗುರು ಕಚ್ಚಿದಳು. “ಏಯ್, ತಡಿ. ಹಿಂದಿನ ಕೋಣೆ ಗೋಡೆ ಮೇಲೆ ಕಾಗದ ಅಂಟಿಸಿದಾರಲ್ಲ, ಎಲ್ಲ ಮಕ್ಕಳ ಮನೆ ನಂಬರ್? ಬಾಣಂತಿ ದೊಡ್ಡ ಮಗಳೂ ಅಲ್ಲೇ ಇದ್ದವಳು. ಆಯಾ ಹತ್ರ ಬಟನ್ ಫೋನಿದೆ. ಹೋಗು.”

ಊಟದ ಹೊತ್ತು ಬಿಟ್ಟರೆ ಮಗುವನ್ನು ನೋಡಲು ಸೂಪರ್‌ವೈಸರಿನ ಒಪ್ಪಿಗೆ ಬೇಕು. ಕಾಲರ್ ಅಕ್ಕ ಹೋಗಿ ನಿಂತಳು. ಎರಡು ಸಲ ಕೇಳಿದಾಗಲೂ ‘ಬಂಡಲ್ ಮುಗಿಸು’ ಎಂದಷ್ಟೇ ಉತ್ತರ. ಮೂರನೇ ಸಲ ಕೇಳುವಾಗ ಹನ್ನೊಂದೂ ಮುಕ್ಕಾಲು.

“ಮೇಡಂ, ಮಗೂಗೆ ಬೆಳಿಗ್ಗೆ ಮೈ ಬಿಸಿ ಇತ್ತು. ನೋಡ್ಕೊಂಡು ಬರ್ತೀನಿ.”

ಗಡಿಯಾರ ಅವಳ ಎದೆಯ ಮೇಲಿನ ನಂಬರ್ ನೋಡಿದಳು. ಮುಖ ನೋಡಲಿಲ್ಲ.

“ಬಹಳ ಮಾತಾಡ್ತೀರ ನೀವು ತಾಯಂದಿರು,” ಎಂದಳು, ಒಂದೊಂದು ಪದವನ್ನೂ ಕತ್ತರಿಸಿ ಇಟ್ಟಂತೆ. “ಐದು ನಿಮಿಷ.” ಸ್ಟಾಪ್‌ವಾಚು ಕ್ಲಿಕ್ಕೆಂದಿತು.

ಕಾಲರ್ ಅಕ್ಕ ಓಡಿದಳು. ಇಸ್ತ್ರಿಯ ಹಬೆ ದಾಟಿ, ಡಬ್ಬಗಳ ಸಂದಿ ದಾಟಿ ಕೋಣೆಗೆ ನುಗ್ಗಿದಳು. ಇಪ್ಪತ್ತೊಂಬತ್ತು ಮಕ್ಕಳು ಬೆವರಿನಲ್ಲಿ ಅಂಟಿಕೊಂಡು ಕೂತಿದ್ದವು. ಗೋಡೆ ನೋಡಿದಳು. ಕಾಗದವಿದ್ದ ಜಾಗದಲ್ಲಿ ನಾಲ್ಕು ಮೂಲೆಗೆ ನಾಲ್ಕು ತುಂಡು ಟೇಪು.

“ಆಯಮ್ಮಾ, ಇಲ್ಲಿದ್ದ ಕಾಗದ?”

“ಅದನ್ನ ಬೆಳಿಗ್ಗೆ ಕಿತ್ಕೊಂಡು ಹೋದ್ರಲ್ಲಮ್ಮ. ಮುಂದಿನ ಕೋಣೆಗೆ ಅಂಟಿಸ್ಬೇಕಂತೆ. ನಂಬರ್ ಪಟ್ಟಿ ಗೋಡೆ ಮೇಲಿದೆಯಾ ಅಂತ ಇನ್ಸ್‌ಪೆಕ್ಟ್ರು ನೋಡ್ತಾರಂತೆ.”

ಇರುವೆ ಬಂದು ಮಂಡಿ ತಬ್ಬಿದಳು. “ಅಮ್ಮಾ, ಬೆಕ್ಕು ಹಾಲು ಕುಡೀತಾ?”

“ಕುಡೀತಿದೆ ಕಂದ. ಕಣ್ಣು ಮುಚ್ಕೊಂಡು ಕುಡೀತಿದೆ.”

ಅವಳು ಮಷೀನಿಗೆ ಬಂದು ಕೂತಾಗ ಐದು ನಿಮಿಷದ ಮೇಲೆ ಇಪ್ಪತ್ತು ಸೆಕೆಂಡಾಗಿತ್ತು. ಗಡಿಯಾರ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಹನ್ನೆರಡು. ಟಿಂಗ್.

ಕಾಲರ್ ಅಕ್ಕ ತಲೆ ಎತ್ತಲಿಲ್ಲ. ಸೂಜಿಯ ಆಚೆಯಿಂದ ಕಣ್ಣು ಮಾತ್ರ ಮೇಲೆತ್ತಿದಳು. ಗಡಿಯಾರ ಫೋನನ್ನು ಮುಖದ ಹತ್ತಿರ ತಂದು ನೋಡಿದಳು. ಆಮೇಲೆ ಸಾಲನ್ನು ನೋಡಿದಳು. ಏಳನೇ ಮಷೀನು. ಒಂಬತ್ತು. ಹದಿನಾರು. ಇಪ್ಪತ್ತಮೂರು. ಇಪ್ಪತ್ತೇಳು. ಅವಳ ಕತ್ತು ಒಂದೊಂದು ಕಡೆ ತಿರುಗಿ ನಿಂತದ್ದನ್ನು ಕಾಲರ್ ಅಕ್ಕ ಎಣಿಸಿದಳು. ಹನ್ನೆರಡರ ಕಡೆ ತಿರುಗಲಿಲ್ಲ. ತನ್ನ ಚೀಟಿ ಬಂದಿಲ್ಲ. ತನ್ನ ಫೋನಿನಿಂದ ಒಳಗೆ ಬಂದ ಬೆಕ್ಕು ಬೇರೆ ಐದು ಜನರ ಗಂಟಲು ಹಿಡಿಯಲು ಹೊರಟಿದೆ. ತನ್ನದೇ ಬಂದಿದ್ದರೆ ಎಷ್ಟೋ ನೆಮ್ಮದಿಯಿತ್ತು ಎನಿಸಿತು.

ಗಡಿಯಾರ ಮ್ಯಾನೇಜರ್ ಸಾಹೇಬರ ಗಾಜಿನ ಕ್ಯಾಬಿನ್ನಿಗೆ ಹೋದಳು. ಬಾಗಿಲು ಮುಚ್ಚಿತು.

ಊಟದ ಕೋಣೆಯಲ್ಲಿ ಯಾರೂ ಡಬ್ಬಿ ತೆರೆಯಲಿಲ್ಲ. ಫೋನುಗಳು ಕೈಗೆ ಬಂದಿದ್ದವು, ಪರದೆಯ ಮೇಲೆ ಐದು ಚೀಟಿಗಳ ಫೋಟೊ. ಕಾಲರ್ ಅಕ್ಕ ಎದ್ದು ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಳು. ಬೆಕ್ಕು, ಬಸ್ಸು, ಬೀರು, ಟೇಪಿನ ನಾಲ್ಕು ತುಂಡು.

ಎಲ್ಲ ಕಡೆಯಿಂದಲೂ ಬೈಗುಳ ಬಿತ್ತು.

“ಮಗು ಕೈಗೆ ಫೋನ್ ಕೊಡೋ ದಿನಾನಾ ಇದು?”

“ನೀನು ಕೊಡಲ್ವಾ? ನಿನ್ನ ಮಗ ಹೋದ ತಿಂಗಳು ನಮ್ಮ ಗಂಡಂಗೆ ಮುತ್ತಿನ ಚಿತ್ರ ಕಳಿಸಿದ್ದ, ಮರೆತ್ಯಾ?”

“ಆಚೆ ಹಾಕ್ರೇ ಮೊದಲು ಅವಳನ್ನ!”

ಕಾಲರ್ ಅಕ್ಕನ ಬೆರಳು ಬೆಕ್ಕಿನ ಮರಿಯ ಮೇಲಿತ್ತು. “ಆಚೆ ಹಾಕಿದ್ರೆ ಓದಿದ್ದು ಅಳಿಸುತ್ತಾ?” ಎಂದಳು. “ನಮಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾಗುತ್ತೆ, ಅಷ್ಟೇ.”

ಇಪ್ಪತ್ತಮೂರು ಯಾರದೆಂದು ಎಲ್ಲರೂ ಹುಡುಕುತ್ತಿದ್ದರು. ಮೂಲೆಯಲ್ಲಿ ಹೆಬ್ಬೆಟ್ಟು ಕೈ ಎತ್ತಿದಳು. ಅವಳ ಮನೆಯಲ್ಲಿ ದುಡಿಯುವ ಕೈ ಅದೊಂದೇ ಎಂದು ಎಲ್ಲರಿಗೂ ಗೊತ್ತಿತ್ತು.

“ಬೇರೆ ಐದು ಜನ ಮಾತಾಡೋಣ ಬಿಡು,” ಎಂದಳು ಕಾಜಾ.

“ಅವರು ಮೇಲೆ ಕರೆಯೋದು ಇವರನ್ನೇ. ಕಾಗದ ಟೈಪಾಗಿರುತ್ತೆ ಈಗಾಗ್ಲೇ. ಇವರು ಸಹಿ ಹಾಕಿದ್ರೆ ಮುಗೀತು.” ಕಾಲರ್ ಅಕ್ಕ ತನ್ನ ಬಲಗೈ ನೋಡಿಕೊಂಡಳು. ಆ ಕೈ ಒಂದು ಸಹಿ ಹಾಕಿ ಕೆಟ್ಟಿತ್ತು. ಥಟ್ಟನೆ ತಲೆ ಎತ್ತಿದಳು. “ಅವಳು ಯಾರ ಮುಖಾನಾದ್ರೂ ನೋಡಿದಾಳಾ ಯಾವತ್ತಾದ್ರೂ? ನಂಬರ್ ಕರೀತಾಳೆ. ಇಪ್ಪತ್ತಮೂರು ಅಂದ್ರೆ ಇಪ್ಪತ್ತಮೂರರಲ್ಲಿ ಕೂತವಳು ಏಳ್ತಾಳೆ. ನಾನು ಕೂತ್ಕೋತೀನಿ ಅಲ್ಲಿ. ಎದೆ ಮೇಲಿನ ಬಿಲ್ಲೇನೂ ಬದಲಾಯಿಸ್ಕೊಳ್ಳೋಣ.”

“ಆಮೇಲೆ?”

“ಆಮೇಲೆ ಕಾಗದದಲ್ಲಿ ಇವಳ ಹೆಸರಿರುತ್ತೆ, ಕೆಳಗೆ ನನ್ನ ಸಹಿ ಇರುತ್ತೆ. ಆ ಕಾಗದ ಕಡಲೆಕಾಯಿ ಕಟ್ಟೋಕೂ ಬರಲ್ಲ.”

ಕಾಜಾಳ ಕಣ್ಣು ಹೊಳೆಯಿತು. “ಒಂಬತ್ತರಲ್ಲಿ ನಾನು ಕೂರ್ತೀನಿ!” ಇನ್ನೂ ಮೂರು ಕೈಗಳು ಎದ್ದವು. ಹದಿನಾರಕ್ಕೆ ಇಬ್ಬರ ನಡುವೆ ಜಗಳವೇ ಆಯಿತು. ಹಲ್ಲುಸೆಟ್ಟಿನವಳು “ಇವತ್ತಿನ ಮಹಾರಾಣಿ ನಾನು, ನಂಗೇ ಬಿಡಬೇಕು” ಎಂದು ಹಟ ಹಿಡಿದು ಗೆದ್ದಳು.

ಕಾಲರ್ ಅಕ್ಕ ಹೆಬ್ಬೆಟ್ಟಿನ ಎದುರು ಕುಕ್ಕರಗಾಲಲ್ಲಿ ಕೂತಳು. “ಜಾಗ ಮಾತ್ರ ನಂದು. ಚೀಟಿ ನಿಂದೇ. ಮೂರು ಗಂಟೆಗೆ ನನ್ನ ಮಷೀನಿಂದ ನೀನೇ ಏಳ್ಬೇಕು.”

“ನಂಗೆ ಮಾತು ಬರಲ್ಲ ಅಕ್ಕ.”

“ಹಿಂದಿನ ಕೋಣೆ ನೋಡಿ, ಅಷ್ಟೇ ಕಣೇ. ಮೂರೇ ಮಾತು.”

ಹೆಬ್ಬೆಟ್ಟು ಹೆಬ್ಬೆರಳನ್ನೂ ಎತ್ತಲಿಲ್ಲ.

ಫೋನ್ ವಾಪಸ್ಸು ಕೊಡುವ ಮೊದಲು ಕಾಜಾ ಗುಂಪಿಗೆ ಒಂದು ಸಾಲು ಬರೆದಳು. ‘ಐದೂ ಜನ ಧೈರ್ಯವಾಗಿರಿ. ಅವರವರ ಜಾಗದಲ್ಲೇ ಕೂತಿರಿ.’ ಆಚೆ ಕ್ಯಾಬಿನ್ನಿನ ಗಾಜಿನೊಳಗೆ ಗಡಿಯಾರ ಫೋನ್ ತೆಗೆದು ಓದಿದ್ದು ಎಲ್ಲರಿಗೂ ಕಾಣಿಸಿತು. ಬೆಕ್ಕಿಗೆ ಹಾಲು ಹಾಕಿದ್ದಾಯಿತು.

ಎರಡೂವರೆಗೆ ಅವಳು ಸಾಲಿನ ತಲೆಗೆ ಬಂದು ನಿಂತಳು. “ಏಳು. ಒಂಬತ್ತು. ಹದಿನಾರು. ಇಪ್ಪತ್ತಮೂರು. ಇಪ್ಪತ್ತೇಳು. ಮೇಲೆ ಗೋಡೌನಲ್ಲಿ ಡಬ್ಬ ಜೋಡಿಸೋದಿದೆ. ಬನ್ನಿ.”

ಐದು ಜನ ಎದ್ದರು. ಐದು ಮಾಸ್ಕು, ಐದು ಟೋಪಿ. ಗಡಿಯಾರ ಬಿಲ್ಲೆಗಳನ್ನು ಓದಿಕೊಂಡಳು, ತಲೆದೂಗಿದಳು. ಕಬ್ಬಿಣದ ಮೆಟ್ಟಿಲು ಹತ್ತುವಾಗ ಕಾಲರ್ ಅಕ್ಕ ಹಿಂದಿನ ಕೋಣೆಯತ್ತ ನೋಡಿದಳು. ಬಾಗಿಲು ಮುಚ್ಚಿತ್ತು. ಮುಂದೆ ರಟ್ಟಿನ ಡಬ್ಬಗಳನ್ನು ಗೋಡೆಯಂತೆ ಪೇರಿಸಿದ್ದರು. ಡಬ್ಬಗಳ ಸಂದಿಯಲ್ಲಿ ಏನೋ ಹಿತ್ತಾಳೆಯದು ಮಿನುಗಿತು. ಬೀಗ.

ಅವಳ ಕಾಲು ಮೆಟ್ಟಿಲ ಮೇಲೆ ನಿಂತುಬಿಟ್ಟಿತು. ಮಕ್ಕಳನ್ನು ಒಳಗೆ ಕೂಡಿ ಬೀಗ ಹಾಕಿದ್ದಾರೆ. ಕಿಟಕಿಯಿಲ್ಲದ ಕೋಣೆಗೆ. ಹಬೆಯ ಕೊಳವೆಯ ಜೊತೆ.

“ನಡಿ ಇಪ್ಪತ್ತಮೂರು,” ಎಂದಳು ಹಿಂದಿನಿಂದ ಗಡಿಯಾರ.

ಈಗಲೇ ಕೂಗಿದರೆ ಎಲ್ಲ ಮುರಿದುಬೀಳುತ್ತದೆ. ಇನ್ಸ್‌ಪೆಕ್ಟರ್ ಇನ್ನೂ ಬಂದಿಲ್ಲ. ಕಾಲರ್ ಅಕ್ಕ ನಾಲಿಗೆ ಕಚ್ಚಿಕೊಂಡು ಹತ್ತಿದಳು.

ಅಟ್ಟದ ಒಂದು ಬದಿಗೆ ತಂತಿಯ ಜಾಲರಿ. ಅಲ್ಲಿ ನಿಂತರೆ ಕೆಳಗಿನ ಹೊಲಿಗೆ ಸಾಲು ಪೂರ್ತಿ ಕಾಣುತ್ತದೆ. ಜೋಡಿಸಲು ಯಾವ ಡಬ್ಬವೂ ಇರಲಿಲ್ಲ. ಮೇಜಿನ ಮೇಲೆ ಐದು ಕಾಗದ, ಒಂದು ಪೆನ್ನು. ಗಡಿಯಾರ ಮೆಟ್ಟಿಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ನಿಮ್ಮ ಚಪ್ಪಲಿ ಗುಂಪಿನ ಮಾತೆಲ್ಲ ಓದಿದೀನಿ. ಸಹಿ ಹಾಕಿ, ಹೋಗಿ.”

ಯಾರೂ ಅಳಲಿಲ್ಲ, ಬೇಡಲಿಲ್ಲ. ಅದು ಅವಳಿಗೆ ವಿಚಿತ್ರವಾಗಿ ಕಂಡಿರಬೇಕು. ಕಾಲರ್ ಅಕ್ಕ ಮೊದಲು ಪೆನ್ನು ಹಿಡಿದಳು. ಹೆಬ್ಬೆಟ್ಟಿನ ಹೆಸರಿನ ಕೆಳಗೆ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ, ದುಂಡಗೆ ಬರೆದಳು. ಕಾಜಾ “ಮೇಡಂ, ಇಚ್ಛೆ ಅಂತ ಎರಡು ಸಲ ಇದೆ, ಎರಡಕ್ಕೂ ಸಹಿ ಹಾಕ್ಬೇಕಾ?” ಎಂದು ಕೇಳಿ ಹೊತ್ತು ತಿಂದಳು. ಗಡಿಯಾರ ಕಾಗದಗಳನ್ನು ಮಡಚಿ ಇಟ್ಟುಕೊಂಡಳು. ಸಹಿ ಬಿದ್ದದ್ದು ನೋಡಿದಳು, ಏನು ಬಿತ್ತೆಂದು ಓದಲಿಲ್ಲ.

ಕೆಳಗೆ ಮೂರು ಗಂಟೆಯಾಯಿತು.

ಇನ್ಸ್‌ಪೆಕ್ಟರ್ ನಡುವಯಸ್ಸಿನ ಹೆಂಗಸು, ಕಂಕುಳಲ್ಲಿ ಫೈಲು, ಬೆಳಿಗ್ಗೆಯಿಂದ ಇಂಥವೇ ಮೂರು ಕಾರ್ಖಾನೆ ನೋಡಿಬಂದ ಸುಸ್ತು ನಡಿಗೆಯಲ್ಲಿತ್ತು. ಮ್ಯಾನೇಜರ್ ಸಾಹೇಬರು ಬಾತುಕೋಳಿ ಕೋಣೆ ತೋರಿಸಿ ಕರೆತರುತ್ತಿದ್ದರು. ಕಾಲರ್ ಅಕ್ಕ ಜಾಲರಿಗೆ ಬೆರಳು ಸಿಕ್ಕಿಸಿ ನಿಂತಳು. ಎಂಟನೇ ಮಷೀನು. ಹತ್ತು. ಹನ್ನೆರಡು.

ಹನ್ನೆರಡರಲ್ಲಿ ಕೂತವಳು ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು.

ಇನ್ಸ್‌ಪೆಕ್ಟರ್ ದಾಟಿಹೋದರು. ಒಂದು ಹೆಜ್ಜೆ. ಮೂರು. ಐದು.

ನೂರಿಪ್ಪತ್ತು ಮಷೀನುಗಳ ಗದ್ದಲದಲ್ಲಿ ತನ್ನ ಮಷೀನಿನ ದನಿಯನ್ನು ಕಾಲರ್ ಅಕ್ಕ ನಿದ್ದೆಯಲ್ಲೂ ಗುರುತಿಸಬಲ್ಲಳು. ಅದಕ್ಕೆ ಎಡಗಡೆಯ ತಿರುಪು ಸಡಿಲ, ಸಣ್ಣಗೆ ಕೆಮ್ಮುತ್ತದೆ. ಆ ಕೆಮ್ಮು ನಿಂತಿತು.

“ಮೇಡಂ.”

ಮೂರು ವರ್ಷದಲ್ಲಿ ಯಾರೂ ಅಷ್ಟು ಜೋರಾಗಿ ಕೇಳಿರದ ದನಿ. ಹೆಬ್ಬೆಟ್ಟು ಎದ್ದು ನಿಂತಿದ್ದಳು. “ಆ ಕೋಣೇಲಿ ನೀವು ನೋಡಿದ್ದು ನಮ್ಮ ಮಕ್ಕಳಲ್ಲ. ನಮ್ಮ ಮಕ್ಕಳು ಆ ಡಬ್ಬಗಳ ಹಿಂದೆ ಇದಾವೆ. ಬೀಗ ಹಾಕಿದಾರೆ.”

ಮೂರೇ ಮಾತು ಹೇಳಿಕೊಟ್ಟಿದ್ದರು. ಉಳಿದದ್ದು ಅವಳದ್ದೇ.

ಇನ್ನೂ ನಾಲ್ಕು ಮಷೀನು ನಿಂತವು. ಗಡಿಯಾರ ಜಾಲರಿಗೆ ಧಾವಿಸಿ ಬಂದು ಕೆಳಗೆ ನೋಡಿದಳು, ತಿರುಗಿ ತನ್ನ ಐದು ಜನರನ್ನು ನೋಡಿದಳು. ಕೆಳಗೆ ಐದು. ಮೇಲೆ ಐದು.

“ಅದು ರಟ್ಟಿನ ಡಬ್ಬದ ಸ್ಟೋರು ಮೇಡಂ,” ಮ್ಯಾನೇಜರ್ ಸಾಹೇಬರು ನಗುತ್ತಿದ್ದರು. “ಇವರದ್ದು ಏನೋ ಗುಂಪುಗಾರಿಕೆ.”

ಇನ್ಸ್‌ಪೆಕ್ಟರ್ ಹೋಗಿ ಒಂದು ಡಬ್ಬ ಸರಿಸಿದರು. ಬೀಗ ಹಿಡಿದು ಎಳೆದರು. “ಕೀಲಿ?”

ಸಾಹೇಬರ ಕಣ್ಣು ತಾನಾಗಿ ಅಟ್ಟದತ್ತ ಹೋಯಿತು. ಇನ್ಸ್‌ಪೆಕ್ಟರಿನ ಕಣ್ಣು ಅದರ ಹಿಂದೆಯೇ ಬಂತು.

“ಕೀಲಿ ಕೊಡಿ,” ಎಂದಳು ಕಾಲರ್ ಅಕ್ಕ.

“ಸುಮ್ನೆ ನಿಂತ್ಕೋ ಇಪ್ಪತ್ತಮೂರು.”

“ನಾನು ಹನ್ನೆರಡು.” ಅವಳು ಮಾಸ್ಕ್ ಕೆಳಗೆಳೆದಳು. “ಕಾಗದ ಬಿಚ್ಚಿ ಓದಿ. ಎಂಟು ವರ್ಷದಿಂದ ನನ್ನ ಬೆನ್ನ ಹಿಂದೆ ನಿಂತಿದೀರ, ನನ್ನ ಮುಖ ಇವತ್ತು ನೋಡ್ತಿದೀರ. ನನ್ನ ಮಗಳು ಆ ಬಾಗಿಲ ಹಿಂದೆ ಇದಾಳೆ. ನಿಮ್ಮನ್ನ ಗುಂಪಿಗೆ ಸೇರಿಸಿದ್ದು ಅವಳೇ. ನಿಮ್ಮ ಫೋಟೊದ ಬೆಕ್ಕಿನ ಮರಿ ಅವಳಿಗೆ ಇಷ್ಟ ಆಯ್ತು.”

ಕಾಜಾ ಮಾಸ್ಕ್ ತೆಗೆದಳು. ಉಳಿದ ಮೂವರೂ ತೆಗೆದರು. ಗಡಿಯಾರ ಮೊದಲ ಕಾಗದ ಬಿಚ್ಚಿ ನೋಡಿದಳು, ಎರಡನೆಯದನ್ನು ಬಿಚ್ಚಲಿಲ್ಲ. ಕೆಳಗೆ ಮಷೀನುಗಳು ಒಂದರ ಹಿಂದೊಂದು ನಿಲ್ಲುತ್ತಿದ್ದವು, ತಾಯಂದಿರವು, ತಾಯಂದಿರಲ್ಲದವರವೂ. ಕೊನೆಗೆ ಇಡೀ ಕಟ್ಟಡದಲ್ಲಿ ಹಬೆಯ ಸುಂಯ್‌ಗುಟ್ಟುವಿಕೆ ಮಾತ್ರ ಉಳಿಯಿತು. ಆ ನಿಶ್ಶಬ್ದದಲ್ಲಿ ಅವಳ ಜೇಬು ಟಿಂಗ್ ಎಂದಿತು. ಗಡಿಯಾರ ಫೋನ್ ತೆಗೆದಳು, ಪರದೆಯನ್ನು ಕಾಲರ್ ಅಕ್ಕನೂ ಓದಿದಳು. ಬಾಣಂತಿ. ‘ಏನಾಯ್ತ್ರೇ? ಯಾರಾದ್ರೂ ಹೇಳ್ರೇ. ಜೀವ ಬಾಯಿಗೆ ಬಂದಿದೆ.’

ಗಡಿಯಾರ ಜೇಬಿನಿಂದ ಕೀಲಿಗೊಂಚಲು ತೆಗೆದಳು. ಮೆಟ್ಟಿಲ ತುದಿಗೆ ಹೋಗಿ ಕೆಳಗೆ ಎಸೆದಳು. ಸಿಮೆಂಟಿನ ನೆಲಕ್ಕೆ ಅದು ಬಿದ್ದ ಸದ್ದಿಗೆ ಸಾಹೇಬರು ಬೆಚ್ಚಿದರು.

‘ಅವಳಿಗೂ ಕರುಳು ಇದೆ ಕಣೇ’ ಎಂದು ಆಮೇಲೆ ಕಾಜಾ ಹೇಳಿದಾಗ ಕಾಲರ್ ಅಕ್ಕ ಒಪ್ಪಲಿಲ್ಲ. ಕರುಳಿದ್ದವಳು ಬೀಗ ಹಾಕುತ್ತಿರಲಿಲ್ಲ. ನೂರಿಪ್ಪತ್ತು ಮಷೀನು ನಿಂತದ್ದನ್ನು ಅಳೆದಳು, ತನಗೆ ಉಳಿದ ಸೆಕೆಂಡುಗಳನ್ನು ಅಳೆದಳು, ಎಸೆದಳು. ಅಳೆಯುವುದೇ ಅವಳ ಕೆಲಸ.

ಬಾಗಿಲು ತೆರೆಯಿತು. ಬಿಸಿ ಗಾಳಿ ಹೊರಗೆ ನುಗ್ಗಿ ಇನ್ಸ್‌ಪೆಕ್ಟರಿನ ಫೈಲಿನ ಹಾಳೆಗಳನ್ನು ಎತ್ತಿತು. ಅವರು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿ, ಪೆನ್ನು ತೆಗೆದು ಏನೋ ಬರೆಯತೊಡಗಿದರು. ಅಷ್ಟಕ್ಕೇ ಮುಗಿಸುತ್ತಾರೇನೋ, ಇಣುಕಿದರೆ ಡಬ್ಬಗಳ ಮರೆಯ ಆ ಕೊಳವೆ ಕಾಣುವುದಿಲ್ಲ ಎಂದು ಕಾಲರ್ ಅಕ್ಕ ಜಾಲರಿಯನ್ನು ಅಲುಗಾಡಿಸಿದಳು.

ಅವರ ಸೀರೆಯ ಪಕ್ಕದ ಸಂದಿಯಿಂದ ಇರುವೆ ಹೊರಬಂದಳು. ಮುಖ ಕೆಂಪಗಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ನೂರಿಪ್ಪತ್ತು ಜನ ನಿಂತು ತನ್ನನ್ನೇ ನೋಡುತ್ತಿದ್ದರೂ ಅವಳಿಗೆ ಲಕ್ಷ್ಯವಿಲ್ಲ. ಪೆನ್ನು ಹಿಡಿದ ಕೈಯ ಒಂದು ಬೆರಳನ್ನು ಹಿಡಿದು ಎಳೆದಳು.

“ಆಂಟಿ, ನನ್ನ ಚಪ್ಪಲಿ ಒಳಗೆ ಪೈಪ್ ಹತ್ರ ಬಿದ್ದಿದೆ. ಅದು ಸುಡುತ್ತೆ. ನೀನು ತೆಕ್ಕೊಡು, ಬಾ.”

ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿದರು. ತಲೆ ಬಗ್ಗಿಸಿ ಒಳಗೆ ಹೋದರು.